ಅಲುಗದ ಲೋಟ

ಬೆಂತಾಂಕುರ್ ಹಾಸಿಗೆ ಕಾರ್ಖಾನೆಯಲ್ಲಿ
ಅಂಚು ಹೊಲಿಯುವವಳು ನಾನು, ನೆಲಿದಾ.
ಇಪ್ಪತ್ತಾರು ವರ್ಷ. ಪೈಸಾಂದು ಊರಿನ ಅರ್ಧ ಜನ
ನಾನು ಹೊಲಿದ ಅಂಚಿನೊಳಗೆ ಹೆತ್ತಿದ್ದಾರೆ,
ಜಗಳವಾಡಿ ಬೆನ್ನು ತಿರುಗಿಸಿದ್ದಾರೆ,
ಒಬ್ಬಿಬ್ಬರು ಅಲ್ಲೇ ತಣ್ಣಗಾಗಿದ್ದಾರೆ.
ಹೆಮ್ಮೆಗೆ ಹೇಳುತ್ತಿಲ್ಲ, ತಿಂಗಳಿಗೆ ಆರುನೂರು ಅಂಚಿನ ಲೆಕ್ಕ.

ಈಗ ಯಜಮಾನರು ದೇಶದ ಅಧ್ಯಕ್ಷರಾಗಬೇಕಂತೆ.
ಗೋಡೆ ಗೋಡೆಯ ಮೇಲೆ ಅವರ ಹಲ್ಲು.
ಮೊನ್ನೆವರೆಗೆ 'ಮಲಗಿ, ಮಲಗಿ' ಎಂದು ತಟ್ಟಿದ ದನಿ
ಇದ್ದಕ್ಕಿದ್ದಂತೆ 'ಎದ್ದೇಳಿ' ಅನ್ನುತ್ತಿದೆ.
'ದೇಶವೂ ಒಂದು ಕಾರ್ಖಾನೆ, ನಡೆಸಿ ತೋರಿಸುತ್ತೇನೆ'
ಎಂದು ರೇಡಿಯೋದಲ್ಲಿ.
ಕಾರ್ಖಾನೆಯಲ್ಲಿ ಶೌಚಕ್ಕೆ ಹೋಗಲು ಟೋಕನ್ ಬೇಕು.

ಸ್ಪ್ರಿಂಗು ಸುತ್ತುವ ವಿಲ್ಮಾರ್ ಊಟದ ಬಿಡುವಿನಲ್ಲಿ
ಸೋರೆಬುರುಡೆಯಿಂದ ಮಾತೆ ಎಲೆಯ ಕಷಾಯ ಹೀರುತ್ತ ಅಂದ:
'ಹಾಸಿಗೆ ಇದ್ದಷ್ಟು ಕಾಲು ಚಾಚೋದು ನಮ್ಮಂಥವರು ಮಾರಾಯ್ತಿ,
ಹಾಸಿಗೆ ಮಾಡುವವನಿಗೆ ಏನಡ್ಡಿ?
ಕಾಲು ಉದ್ದವಾದರೆ ಇನ್ನೊಂದು ಗಜ ಸೇರಿಸುತ್ತಾನೆ.'

ಆ ಜಾಹೀರಾತು ಗೊತ್ತಿಲ್ಲದ ಕೂಸು ಈ ದೇಶದಲ್ಲಿಲ್ಲ.
ಕೋಟು ಟೈ ಸಮೇತ ಏಣಿಯಿಂದ ಹಾರಿ
ಹಾಸಿಗೆಯ ಒಂದು ತುದಿಗೆ ಧೊಪ್ಪೆಂದು ಬೀಳುತ್ತಾರೆ ಯಜಮಾನರು;
ಇನ್ನೊಂದು ತುದಿಯಲ್ಲಿ ಕೆಂಪು ವೈನಿನ ಲೋಟ,
ಒಂದು ಹನಿ ಚೆಲ್ಲದು.
ಆಮೇಲೆ ಕಣ್ಣು ಮಿಟುಕಿಸಿ: 'ಲೋಕ ಅಲುಗಿದರೂ ಲೋಟ ಅಲುಗದು.'

ಮೊದಲ ಸಲ ಹಾರಿದಾಗ ಲೋಟ ಬಿತ್ತು.
ಎರಡನೆಯ ಸಲವೂ.
ಮೂರನೆಯ ಸಲ ಕ್ಯಾಮೆರಾದವನು ಗಡಿಯಾರ ನೋಡಿದ,
ಯಜಮಾನರು ನನ್ನನ್ನು ನೋಡಿದರು.
ಅಂಚಿನ ಪಟ್ಟಿಗೆ ಹಚ್ಚುವ ಹಳದಿ ಅಂಟು ತಂದು,
ಬಟ್ಟೆಯಡಿ ಹಲಗೆ ತೂರಿಸಿ, ಲೋಟದ ಬುಡ ಕೂರಿಸಿದೆ.
ವೈನಿನ ಬದಲು ಬೀಟ್ರೂಟ್ ರಸಕ್ಕೆ ಜೆಲಟಿನ್ ಬೆರೆಸಿ
ಹೆಪ್ಪುಗಟ್ಟಿಸಿದ್ದು; ನಮ್ಮಮ್ಮ ಹಬ್ಬಕ್ಕೆ ಮಾಡುತ್ತಿದ್ದ ಹಾಗೆ.
ಸಂಜೆ ನಿಜವಾದ ವೈನಿನ ಬಾಟಲಿ ಕೈಗಿಟ್ಟು
'ನೆಲಿದಾ, ನೀನು ಈ ಕಾರ್ಖಾನೆಯ ಪಾಯ' ಅಂದರು.
ಪಾಯ ಅಂದರೇನು, ಮಣ್ಣಿನಡಿ ಇರುವುದು ತಾನೆ.

ಹಾಗಂತ ಪೂರಾ ಬೈಯಲಾರೆ.
ಉರುಗ್ವೇ ನದಿ ಉಕ್ಕಿ ಕೆಳಗಿನ ಕೇರಿ ಮುಳುಗಿದ ವರ್ಷ
ಶಾಲೆಯ ವ್ಯಾಯಾಮದ ಹಜಾರಕ್ಕೆ
ರಾತ್ರೋರಾತ್ರಿ ನಾನೂರು ಹಾಸಿಗೆ ಬಂದವು,
ಬಿಲ್ಲಿಲ್ಲ, ಕ್ಯಾಮೆರಾ ಇಲ್ಲ.
ಯಜಮಾನರೇ ಪ್ಯಾಂಟು ಮಡಿಚಿ ಲಾರಿಯಿಂದ ಇಳಿಸಿದರು.
ಹನ್ನೊಂದು ರಾತ್ರಿ ಮಲಗಿದೆ, ಮಗಳನ್ನು ತಬ್ಬಿಕೊಂಡು,
ನನ್ನದೇ ಹೊಲಿಗೆ ಬೆನ್ನಿಗೆ ಒತ್ತುತ್ತಿತ್ತು.
ಆ ನಿದ್ದೆಗೆ ಯಾವ ಜೆಲಟಿನ್ನೂ ಬೆರೆಸಿರಲಿಲ್ಲ.

ಕಳೆದ ಶನಿವಾರ ಚೌಕದಲ್ಲಿ ಸಭೆ.
ವೇದಿಕೆಯ ಮೇಲೆ ಹಾಸಿಗೆ, ತುದಿಯಲ್ಲಿ ಲೋಟ.
ಎಪ್ಪತ್ತರ ಹತ್ತಿರದ ಮೊಣಕಾಲು ಹಾರಿತು.
ಜನ ಒಂದೇ ಉಸಿರಿಗೆ ಕೂಗಿದರು: ಲೋಟ ಅಲುಗದು!
ನಾನೂ ಕೂಗಿದೆ. ಬಾಯಿ ತಾನಾಗಿ ತೆರೆಯಿತು, ಏನು ಮಾಡಲಿ.
ಕೂಗುತ್ತಲೇ ಯೋಚಿಸಿದೆ,
ಈ ಸಲ ಅಂಟು ಹಚ್ಚಿದ ಹುಡುಗಿ ಯಾರೋ,
ಅವಳಿಗೆ ಸಿಕ್ಕ ಬಾಟಲಿ ಯಾವುದೋ.

ಇಳಿಯುವಾಗ ಯಜಮಾನರು ಒಂದು ಕ್ಷಣ
ಸೊಂಟ ಹಿಡಿದು ನಿಂತರು.
ಕಂಡವಳು ನಾನೊಬ್ಬಳೇ ಏನೋ.

ಭಾನುವಾರ ಮತದ ಕೋಣೆಯ ಬಾಗಿಲು ಹಾಕಿಕೊಂಡೆ.
ಮೇಜಿನ ಮೇಲೆ ಪಕ್ಷಕ್ಕೊಂದು ಕಟ್ಟು ಚೀಟಿ,
ಒಂದನ್ನು ಆರಿಸಿ ಲಕೋಟೆಗೆ ಹಾಕಬೇಕು ನಮ್ಮಲ್ಲಿ.
ಅವರದು ದಪ್ಪ ಕಾಗದ, ನುಣುಪು.
ಬೆರಳು ಅಭ್ಯಾಸಬಲದಿಂದ ಅಂಚು ಸವರಿ ನೋಡಿತು:
ನೇರವಾಗಿತ್ತು, ಸುಳ್ಳು ಹೇಳಬಾರದು.
ಹೊರಗೆ ಸಾಲು ಬೆಳೆಯುತ್ತಿತ್ತು. ಯಾರೋ ಕೆಮ್ಮಿದರು.

ಲಕೋಟೆಯ ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿದೆ.

ಮೆಟ್ಟಿಲ ಹತ್ತಿರ ವಿಲ್ಮಾರ್ ಹುಬ್ಬು ಹಾರಿಸಿದ, ಯಾರಿಗೆ?
'ಬಾಯಿ ಅಂಟಿಕೊಂಡಿದೆ' ಅಂದೆ,
ಅವನ ಕೈಯ ಬುರುಡೆ ಇಸಿದುಕೊಂಡು.